ಬೇಲಿಗೆ ಕೇಪಳವೋ, ಕಣಗಿಲೆಯೋ?

ಪ್ರಶ್ನೆ: ನಮ್ಮ ಮನೆ ಉಪ್ಪಳದಲ್ಲಿ, ಹೆದ್ದಾರಿಯ ಬದಿಯಲ್ಲೇ. ರಸ್ತೆ ಅಗಲ ಮಾಡುವಾಗ ಅಂಗಳದ ಮುಂದಿದ್ದ ಎರಡು ಮಾವಿನ ಮರ ಹೋಯಿತು. ಈಗ ಧೂಳು, ಬಿಸಿಲು ಎಲ್ಲ ನೇರ ಜಗಲಿಗೇ. ವರ್ಷವಿಡೀ ಹಸಿರಾಗಿದ್ದು ಹೂವೂ ಬಿಡುವ ಗಿಡವನ್ನು ಬೇಲಿಯ ಹಾಗೆ ಸಾಲಾಗಿ ನೆಡಬೇಕು ಅಂತ ಇದ್ದೇನೆ. ನರ್ಸರಿಯವರು ‘ಅರಳಿ ಹಾಕಿ, ಬೇಗ ಬರುತ್ತದೆ’ ಅಂದರು. ಅತ್ತೆಗೆ ಕೇಪಳವೇ ಆಗಬೇಕು. ಮನೆಯಲ್ಲಿ ಎರಡು ದನ, ಒಂದು ಕರು ಇದೆ. ಮಗನಿಗೆ ಮೂರು ವರ್ಷ. ಯಾವುದು ಒಳ್ಳೆಯದು?
– ಓದುಗರೊಬ್ಬರು, ಉಪ್ಪಳ

ಉತ್ತರ: ಅತ್ತೆ ಹೇಳಿದ್ದೇ ಸರಿ. ಹಟ್ಟಿಯೂ ಸಣ್ಣ ಮಗುವೂ ಇರುವ ಮನೆಗೆ ಕೇಪಳ (ಇಕ್ಸೋರಾ) ನೆಡಿ.

ಮೊದಲು ಹೆಸರಿನ ಗೊಂದಲ ಬಿಡಿಸಿಬಿಡೋಣ. ನಮ್ಮ ಕಾಸರಗೋಡಿನ ಕಡೆ ನರ್ಸರಿಗೆ ಹೋಗಿ ‘ಅರಳಿ’ ಅಂದರೆ ಅವರು ಮಲಯಾಳದ ಅರಳಿ ಕೊಡುತ್ತಾರೆ, ಅಂದರೆ ಕಣಗಿಲೆ. ಕನ್ನಡದಲ್ಲಿ ಅರಳಿ ಅಂದರೆ ಕಟ್ಟೆ ಕಟ್ಟಿ ಸುತ್ತು ಬರುವ ಅಶ್ವತ್ಥ. ಎರಡಕ್ಕೂ ಏನೂ ಸಂಬಂಧ ಇಲ್ಲ. ಹಾಗೆಯೇ ಅವರು ತೆಚ್ಚಿ ಅನ್ನುವುದು ನಮ್ಮ ಕೇಪಳವನ್ನು. ಗಿಡ ನೋಡಿಯೂ ಗುರುತು ಹಿಡಿಯಬಹುದು. ಕಣಗಿಲೆಯಲ್ಲಿ ಒಂದೊಂದು ಗಂಟಿನಿಂದ ಸಾಮಾನ್ಯವಾಗಿ ಮೂರು ಮೂರು ಎಲೆ ಹೊರಡುತ್ತವೆ, ಉದ್ದಕ್ಕೆ, ಕತ್ತಿಯ ಅಲಗಿನ ಹಾಗೆ. ಕೇಪಳದಲ್ಲಿ ಎರಡೆರಡು ಎಲೆ ಎದುರುಬದುರು, ಅಗಲವಾಗಿ.

ನರ್ಸರಿಯವರು ಸುಮ್ನೆ ಹೇಳಿದ್ದಲ್ಲ. ಧೂಳು, ಹೊಗೆ, ಕಾದ ಡಾಂಬರಿನ ಝಳ, ತಿಂಗಳುಗಟ್ಟಲೆ ನೀರಿಲ್ಲದಿರುವುದು, ಇಷ್ಟನ್ನೂ ತಡೆದುಕೊಂಡು ಹೂ ಬಿಡುವ ಗಿಡ ಕಣಗಿಲೆಯ ಹಾಗೆ ಇನ್ನೊಂದು ಸಿಗುವುದು ಕಷ್ಟ. ಹೆದ್ದಾರಿಗಳ ನಡುವಿನ ಪಟ್ಟಿಯಲ್ಲಿ ಅದನ್ನೇ ನೆಡುವುದು ಅದಕ್ಕೇ. ಪ್ಲಸ್ ಟುವಿನಲ್ಲಿ ಸಸ್ಯಶಾಸ್ತ್ರ ಓದಿದವರಿಗೆ ನೆನಪಿರಬಹುದು, ಅದರ ಎಲೆಯ ಅಡಿಯಲ್ಲಿ ಸಣ್ಣ ಸಣ್ಣ ಗುಳಿಗಳಿವೆ, ಒಳಗೆಲ್ಲ ಕೂದಲು, ಉಸಿರಾಡುವ ರಂಧ್ರಗಳು ಆ ಗುಳಿಗಳ ಒಳಗೆ ಅಡಗಿವೆ. ಒಣಗಾಳಿ ಬೀಸಿದರೂ ನೀರು ಬೇಗ ಆರಿಹೋಗುವುದಿಲ್ಲ. ಮಳೆಗಾಲದಲ್ಲಿ ಒಂದು ಗೆಲ್ಲು ಮುರಿದು ಊರಿದರೆ ಸಾಕು, ಬೇರು ಬರುತ್ತದೆ. ಎರಡು ವರ್ಷದಲ್ಲಿ ಆಳೆತ್ತರ ದಾಟುತ್ತದೆ.

ಆದರೆ ಅದು ಬೇರಿನಿಂದ ಹೂವಿನವರೆಗೆ ವಿಷ. ಹೃದಯದ ಬಡಿತವನ್ನೇ ಕೆಡಿಸುವ ವಿಷ. 2024ರ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯಕ್ಕೆ, ಪ್ರಸಾದಕ್ಕೆ ಅರಳಿ ಹೂ ಬೇಡ, ತುಳಸಿ, ತೆಚ್ಚಿ ಮುಂತಾದುವು ಸಾಕು ಎಂದು ತೀರ್ಮಾನಿಸಿತು. ನಮ್ಮ ಕಡೆಯ ಮಲಬಾರ್ ದೇವಸ್ವಂ ಮಂಡಳಿಯೂ ಅದೇ ದಾರಿ ಹಿಡಿಯಿತು. ಆಲಪ್ಪುಳ ಜಿಲ್ಲೆಯ ಒಬ್ಬ ಯುವತಿ ಈ ಗಿಡದ ಎಲೆ ಜಗಿದು ತೀರಿಕೊಂಡರೆಂಬ ಸಂಶಯ ಎದ್ದ ಮೇಲೆ ಆದದ್ದು ಇದು. ದೇವರ ಪ್ರಸಾದದಿಂದಲೇ ಅರಳಿಯನ್ನು ಎತ್ತಿ ಆ ಜಾಗಕ್ಕೆ ಕೇಪಳ ತಂದರು, ಅಲ್ವಾ? ನಿಮ್ಮ ಅಂಗಳಕ್ಕೂ ಅಷ್ಟೇ ಸಾಕು.

ದನಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ‘ದನ ಕಣಗಿಲೆ ಮುಟ್ಟುವುದಿಲ್ಲ, ಕಹಿ’ ಅಂತ ಎಲ್ಲರೂ ಹೇಳುತ್ತಾರೆ. ಹಸಿ ಗಿಡದ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಅಪಾಯ ಇರುವುದು ಸವರಿ ಹಾಕಿದ ಸೊಪ್ಪಿನಲ್ಲಿ. ಬಾಡಿದ ಮೇಲೆ ದನ, ಆಡು ಅದನ್ನು ತಿನ್ನುತ್ತವೆ, ವಿಷ ಮಾತ್ರ ಒಣಗಿದರೂ ಹೋಗುವುದಿಲ್ಲ. ನಮ್ಮ ನೆರೆಮನೆಯಲ್ಲಿ ಒಮ್ಮೆ ಕಣಗಿಲೆ ಸವರಿ ಗೆಲ್ಲುಗಳನ್ನು ತೋಡಿನ ಬದಿಗೆ ರಾಶಿ ಹಾಕಿದ್ದರು. ಮೂರನೇ ದಿನ ಅವರ ಗಬ್ಬದ ಆಡು ಅಲ್ಲೇ ಹುಲ್ಲು ಮೇಯುತ್ತಾ ಇತ್ತು. ಸಂಜೆ ಬಾಯಲ್ಲಿ ನೊರೆ ಬಂತು, ಕಾಲು ನಡುಗಿತು, ಹಲ್ಲು ಕಡಿಯುತ್ತಾ ಮಲಗಿಬಿಟ್ಟಿತು. ಡಾಕ್ಟರು ಬರುವ ಹೊತ್ತಿಗೆ ಜೀವ ಇರಲಿಲ್ಲ. ಅದರ ಬಾಯಿಯ ಬದಿಯಲ್ಲಿ ಒಣಹುಲ್ಲಿನ ಜೊತೆ ಆ ಉದ್ದದ ಎಲೆಯ ಒಂದು ತುಂಡು ಅಂಟಿಕೊಂಡಿದ್ದುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಹಟ್ಟಿ ಇರುವ ಯಾರಿಗೂ ನಾನು ಈ ಗಿಡ ಹೇಳಿಲ್ಲ.

ಈಗ ಕೇಪಳ. ಇದು ದಕ್ಷಿಣ ಭಾರತದ್ದೇ ಗಿಡ, ಕಾಫಿಯ ಕುಟುಂಬದ್ದು. ನಮ್ಮ ಮುರಕಲ್ಲಿನ ಹುಳಿ ಮಣ್ಣು ಅದಕ್ಕೆ ಹೇಳಿ ಮಾಡಿಸಿದ್ದು. ಜೂನ್‌ನಿಂದ ಹೊಯ್ಯುವ ನಮ್ಮ ಮಳೆಯೂ ಒಗ್ಗುತ್ತದೆ, ಬುಡದಲ್ಲಿ ನೀರು ನಿಲ್ಲದಿದ್ದರೆ ಆಯಿತು. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬಿದ್ದರೂ ಹೂ ಬಿಡುತ್ತದೆ, ತೆಂಗಿನ ಮರದ ಅರೆನೆರಳಲ್ಲೂ ಆದೀತು. ಕಣಗಿಲೆಗೆ ಅಲ್ಲಿ ಬರೇ ಕೋಲು ಉದ್ದ ಆಗುತ್ತದೆ, ಹೂವಿಲ್ಲ.

ಕೇಪಳದ ಒಂದೇ ತೊಂದರೆ, ನಿಧಾನ. ಎದೆಯೆತ್ತರದ ದಟ್ಟ ಬೇಲಿ ಆಗಲು ಮೂರು ವರ್ಷ ಬೇಕು. ಅಷ್ಟರವರೆಗೆ ರಸ್ತೆ ಬದಿಗೆ ಹಸಿರು ನೆಟ್ ಕಟ್ಟಿಕೊಳ್ಳಿ. ಕುಂಡದಲ್ಲಿ ಚೆಂದ ಕಾಣುವ ಚಿಕ್ಕ ಎಲೆಯ ಗಿಡ್ಡ ಜಾತಿ ನಿಮಗೆ ಬೇಡ, ಅದು ಮೊಣಕಾಲು ದಾಟುವುದೇ ಕಷ್ಟ. ದೊಡ್ಡ ಎಲೆಯ ಊರಿನ ಕೆಂಪು ಕೇಪಳವನ್ನೇ ಎರಡೂವರೆ ಅಡಿಗೊಂದರಂತೆ ನೆಡಿ. ಒಂದೂವರೆ ಅಡಿ ಹೊಂಡ ತೋಡಿ, ಹಟ್ಟಿಗೊಬ್ಬರ, ತರಗೆಲೆ, ಮೇಲ್ಮಣ್ಣು ತುಂಬಿಸಿ. ಮೊದಲ ಎರಡು ಬೇಸಗೆ ನೀರು ತಪ್ಪಿಸಬೇಡಿ. ವಾರಕ್ಕೊಮ್ಮೆ ಪೈಪ್ ಹಿಡಿದು ಎಲೆಯ ಮೇಲಿನ ಧೂಳು ತೊಳೆಯಿರಿ, ಇಲ್ಲದಿದ್ದರೆ ಹಿಟ್ಟುತಿಗಣೆ ಬಂದದ್ದೇ ಕಾಣುವುದಿಲ್ಲ. ಇನ್ನೊಂದು, ಮೊಗ್ಗು ಬರುವುದು ಗೆಲ್ಲಿನ ತುದಿಯಲ್ಲಿ. ತಿಂಗಳಿಗೊಮ್ಮೆ ಕತ್ತರಿ ಆಡಿಸಿ ಗೋಡೆಯ ಹಾಗೆ ನೇರ ಮಾಡಲು ಹೋದರೆ ಹೂವನ್ನೇ ಕತ್ತರಿಸಿದ ಹಾಗೆ. ಒಂದು ಸುತ್ತು ಹೂ ಮುಗಿದ ಮೇಲೆ ವರ್ಷಕ್ಕೆ ಒಮ್ಮೆ ಸವರಿ, ಸಾಕು.

ಮಗನಿಗೆ ಹೂವಿನ ಬುಡ ಚೀಪಿ ಜೇನು ಹೀರುವುದನ್ನು ಅತ್ತೆಯೇ ಕಲಿಸಲಿ. ತಂಬುಳಿಗೂ ಹೂವಾಯಿತು. ಆದರೆ ಹೂ ಕೊಯ್ಯುವುದು ಮನೆ ಕಡೆಯ ಗೆಲ್ಲಿನಿಂದ, ಚೆನ್ನಾಗಿ ತೊಳೆದು, ಔಷಧಿ ಹೊಡೆಯದ ಗಿಡದ್ದು ಮಾತ್ರ.

ಪ್ರಶ್ನೆ: ಹೊಸ ಕಂಪೌಂಡಿನ ಒಳಬದಿಗೆ ಕೇಪಳ ಹಾಕಿ ಒಂದು ವರ್ಷ ಆಯಿತು. ಎಳೆ ಎಲೆ ಎಲ್ಲ ಹಳದಿ, ನರ ಮಾತ್ರ ಹಸಿರು. ಬೂದಿ, ಸುಡುಮಣ್ಣು ಎಲ್ಲ ಹಾಕಿದೆ, ಜಾಸ್ತಿಯೇ ಆಯಿತು.
– ಓದುಗರೊಬ್ಬರು, ಪೆರ್ಲ

ಉತ್ತರ: ಬೂದಿ, ಸುಡುಮಣ್ಣು ಎರಡನ್ನೂ ಇವತ್ತೇ ನಿಲ್ಲಿಸಿ. ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ, ಅದರ ಲಕ್ಷಣ ಇದು. ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟಿದೆ, ನಮ್ಮ ಮುರಕಲ್ಲು ಕೆಂಪಾಗಿರುವುದೇ ಅದರಿಂದ. ಆದರೆ ಗೋಡೆ ಕಟ್ಟುವಾಗ ಬಿದ್ದ ಸಿಮೆಂಟು, ಸುಣ್ಣ ಸೇರಿ ಮಣ್ಣಿನ ಹುಳಿ ಹೋಗಿದೆ. ಹುಳಿ ಇಲ್ಲದ ಮಣ್ಣಿನಿಂದ ಕೇಪಳದ ಬೇರಿಗೆ ಕಬ್ಬಿಣ ಎಳೆದುಕೊಳ್ಳಲು ಆಗುವುದಿಲ್ಲ. ಬೂದಿ ಆ ಹುಳಿಯನ್ನು ಇನ್ನಷ್ಟು ತೆಗೆಯುತ್ತದೆ. ಬುಡ ಬಿಡಿಸಿ ನೋಡಿ, ಗಾರೆಯ ತುಂಡುಗಳು ಖಂಡಿತ ಸಿಗಬಹುದು, ಹೆಕ್ಕಿ ತೆಗೆಯಿರಿ. ಹಟ್ಟಿಗೊಬ್ಬರ ಹಾಕಿ ಮೇಲಿಂದ ಅಡಿಕೆ ಸೋಗೆಯೋ ತರಗೆಲೆಯೋ ದಪ್ಪಕ್ಕೆ ಮುಚ್ಚಿ. ಬೇಗ ಹಸಿರಾಗಲು ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ನಾಲ್ಕು ಹನಿ ಲಿಂಬೆರಸ ಸೇರಿಸಿ ಸಂಜೆ ಎಲೆಗೆ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಗೋಡೆಗೆ ತಾಗಿದರೆ ಕಲೆ ಹೋಗುವುದಿಲ್ಲ, ನೋಡಿಕೊಳ್ಳಿ. ಹಳೇ ಹಳದಿ ಎಲೆ ಸರಿಯಾಗದಿರಬಹುದು, ಹೊಸ ಚಿಗುರಿನ ಬಣ್ಣ ನೋಡಿ.

ಪ್ರಶ್ನೆ: ಮಂಜೇಶ್ವರದಲ್ಲಿ ಕಡಲಿನ ಹತ್ತಿರ ಮನೆ. ಹೊಯ್ಗೆ ನೆಲ, ಏಪ್ರಿಲ್-ಮೇ ಬಂದರೆ ಬಾವಿ ನೀರು ಉಪ್ಪು. ಕೇಪಳ ಎರಡು ಸಲ ನೆಟ್ಟೆ, ಎಲೆ ತುದಿ ಸುಟ್ಟು ಸತ್ತೇ ಹೋಯಿತು. ಕಣಗಿಲೆ ಮಾತ್ರ ಹತ್ತು ವರ್ಷದಿಂದ ಗಟ್ಟಿ ನಿಂತಿದೆ. ದನ, ಮಕ್ಕಳು ಯಾರೂ ಇಲ್ಲ. ವಿಷ ಅಂತ ಕಡಿದು ಸುಡಬೇಕಾ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಕಡಿಯಬೇಡಿ. ಸುಡುವುದಂತೂ ಬೇಡವೇ ಬೇಡ, ಅದರ ಹೊಗೆಯೂ ವಿಷ. ಉಪ್ಪುಗಾಳಿ, ಉಪ್ಪುನೀರು, ಹೊಯ್ಗೆ ಮೂರೂ ಇರುವ ನಿಮ್ಮ ಜಾಗಕ್ಕೆ ಕಣಗಿಲೆಯೇ ಸರಿಯಾದ ಗಿಡ, ಕೇಪಳ ಅಲ್ಲಿ ನರಳುತ್ತದೆ. ಸವರುವಾಗ ಕೈಗವಸು ಹಾಕಿ, ಸೊನೆ ಕಣ್ಣಿಗೆ ತಾಗದಿರಲಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಗೆಲ್ಲುಗಳನ್ನು ಬೇಲಿಯಾಚೆ ಎಸೆಯದೆ ನಿಮ್ಮದೇ ಜಾಗದಲ್ಲಿ ಆಳಕ್ಕೆ ಹೊಂಡ ತೆಗೆದು ಹೂಳಿ, ನಿಮ್ಮಲ್ಲಿ ದನ ಇಲ್ಲದಿದ್ದರೂ ಆಚೆ ಮನೆಯವರಲ್ಲಿ ಇದ್ದೀತು. ಬಾವಿಗೆ ಎಲೆ ಉದುರುವಷ್ಟು ಹತ್ತಿರ ಗಿಡ ಇದ್ದರೆ ಅದೊಂದನ್ನು ಬುಡಸಮೇತ ತೆಗೆಯಿರಿ. ಯಾರಾದರೂ ಎಲೆಯೋ ಹೂವೋ ತಿಂದು ವಾಂತಿ, ತಲೆಸುತ್ತು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆ ಎಲೆಯನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಂಡುಹೋಗಿ ತೋರಿಸಿ.

ಸವರುವ ಮೊದಲು ಎಲೆಗಳ ಅಡಿಯನ್ನು ಒಮ್ಮೆ ನೋಡಿ. ಬೆಳ್ಳಿಯ ಜುಮುಕಿಯ ಹಾಗೆ ಹೊಳೆಯುವ ಸಣ್ಣ ಗೂಡು ತೂಗುತ್ತಿದ್ದರೆ ಅದು ಕಂದು ಬಣ್ಣದ, ಅಂಚಿಗೆ ಬಿಳಿ ಚುಕ್ಕೆ ಇರುವ ಚಿಟ್ಟೆಯದು. ಕಣಗಿಲೆ ಎಲೆ ತಿಂದೇ ಅದರ ಹುಳ ಬೆಳೆಯುವುದು. ಆ ಗೆಲ್ಲನ್ನು ಹತ್ತು ದಿನ ಹಾಗೇ ಬಿಡಿ.