ಕೋರ್ಟಿಗೂ ತೊಗರಿ ವ್ಯಾಪಾರಕ್ಕೂ ಸಂಬಂಧ ಇದೆ

ನಮಸ್ಕಾರ ಸರ್. ಕಲಬುರಗಿಯಲ್ಲಿ ದಾಲ್ ಮಿಲ್ ಹಾಕುವವನಿಗೆ ನ್ಯಾಯಾಂಗ ಸ್ವತಂತ್ರವಾಗಿದ್ದರೆ ಏನು ಲಾಭ ಎಂದು ಕೇಳಿದ್ದೀರಿ. ಬಹಳ ಇದೆ ರೀ. ತೊಗರಿ ವ್ಯಾಪಾರದಲ್ಲಿ ಉದ್ರಿ ಇದ್ದದ್ದೇ. ಚೆಕ್ ಬೌನ್ಸ್ ಆದರೆ ಕೋರ್ಟು ಕೇಳುತ್ತದೆ ಎಂಬ ನಂಬಿಕೆ ಇದ್ದರೇ ಗುರುತಿಲ್ಲದವರಿಗೂ ಮಾಲು ಕೊಡುತ್ತೇವೆ, ಅಲ್ವಾ?

ರೈತರ ವಿಷಯ ಇನ್ನೂ ದೊಡ್ಡದು. ರಸ್ತೆಗೆ ಹೊಲ ಹೋಗಿ ಪರಿಹಾರ ಕಡಿಮೆ ಬಂದರೆ ಎದುರು ಪಾರ್ಟಿ ಸರ್ಕಾರವೇ. ಜಡ್ಜ್ ಸರ್ಕಾರಕ್ಕೆ ಹೆದರಿದರೆ ರೈತ ಯಾರ ಹತ್ತಿರ ಹೋಗಬೇಕು? ಅದಕ್ಕೇ ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳವನ್ನು ವಿಧಾನಸಭೆಯಲ್ಲಿ ಮತಕ್ಕೆ ಹಾಕುವಂತಿಲ್ಲ. ಅವರನ್ನು ತೆಗೆಯಲು ಸಂಸತ್ತಿನ ಎರಡೂ ಸದನ ಒಪ್ಪಬೇಕು.

ಕೋರ್ಟು ಹತ್ತಿರವೂ ಇರಬೇಕು. ಮೊದಲು ಹೈಕೋರ್ಟ್ ಕೆಲಸ ಅಂದರೆ ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಇಲ್ಲಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಬೀದರ್, ಯಾದಗಿರಿಯವರೂ ಈಗ ಇಲ್ಲಿಗೇ ಬರುತ್ತಾರೆ.