ಆ ವಿಂಚ್ ಕಾಕಾ ಎಲ್ಲಿ ಹೋದರು, ಸರ್?

ಸರ್, ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ‘ಗ್ಲೈಡಿಂಗ್ ಬಳಗದ ಸವಿನೆನಪುಗಳು’ ಓದಿದೆ. ಧಾರವಾಡದಿಂದ ಪುಣೆಗೆ ನೌಕರಿಗೆ ಹೋದವರು, ರಜಾದಿನಗಳನ್ನೆಲ್ಲ ಹಡಪ್ಸರ್‌ನ ಗ್ಲೈಡಿಂಗ್ ಸೆಂಟರ್‌ನಲ್ಲಿ ಕಳೆದವರು, ಈಗ ರಿಟೈರ್ ಆಗಿ ಬರೆಯಲು ಕೂತಿದ್ದೀರಿ. ಇಂಥ ವಿಷಯ ನಮ್ಮ ಟಪಾಲಿನಲ್ಲಿ ಬರುವುದೇ ಅಪರೂಪ. ಭಾಷೆ ಚೊಕ್ಕವಾಗಿದೆ, ಕಾಗುಣಿತ ತಪ್ಪಿಲ್ಲ. ಸಂತೋಷ.

ಆದರೆ ಓದಿ ಮುಗಿಸುವಾಗ ನನಗೆ ಸಿಟ್ಟು ಬಂದಿತ್ತು.

ಮೊದಲ ಪುಟದಲ್ಲೇ ಬರೆದಿದ್ದೀರಿ: ‘ಅಲ್ಲಿ ನಾವೆಲ್ಲ ಒಂದೇ ಕುಟುಂಬದವರಂತೆ ಇದ್ದೆವು. ಆ ಪ್ರೀತಿ, ಆ ವಿಶ್ವಾಸ ಮರೆಯಲಾಗದ್ದು.’ ಆಫೀಸಿನ ಬೀಳ್ಕೊಡುಗೆಯಲ್ಲೂ ಹೀಗೇ ಹೇಳುತ್ತಾರೆ, ಅಪಾರ್ಟ್‌ಮೆಂಟಿನ ಗಣೇಶೋತ್ಸವದಲ್ಲೂ ಹೇಳುತ್ತಾರೆ. ನಿಮ್ಮ ಕುಟುಂಬ ಎಂಥದು? ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ಒಂದು ರೆಕ್ಕೆ ನೆಲಕ್ಕೆ ತಾಗಿಸಿಕೊಂಡು ವಾಲಿ ನಿಂತಿರುತ್ತದೆ. ಯಾರಾದರೂ ಬಂದು ಆ ರೆಕ್ಕೆ ಎತ್ತಿ ಹಿಡಿಯಬೇಕು, ಜೊತೆಗೆ ನಾಲ್ಕು ಹೆಜ್ಜೆ ಓಡಬೇಕು. ಇನ್ನೊಬ್ಬರು ಕೇಬಲ್ ಸಿಕ್ಕಿಸಬೇಕು, ಮತ್ತೊಬ್ಬರು ಟೈಮ್ ಬರೆದುಕೊಳ್ಳಬೇಕು. ಸುಮಾರು ಒಂದು ಕಿಲೋಮೀಟರ್ ಆಚೆ, ಆ ಕೇಬಲ್ ಸುತ್ತಿ ಗ್ಲೈಡರನ್ನು ಮೇಲೆಳೆಯುವ ವಿಂಚ್ ಯಂತ್ರದ ಮೇಲೆ ಒಬ್ಬರು ಕೂತಿರಬೇಕು. ಇಳಿದ ಮೇಲೆ ತಳ್ಳಿಕೊಂಡು ಬರಲೂ ಜನ ಬೇಕು. ಮೇಲೇರುವ ಗಾಳಿ ಸಿಗದಿದ್ದರೆ ಐದಾರು ನಿಮಿಷಕ್ಕೆಲ್ಲ ಹಾರಾಟ ಮುಗಿಯುತ್ತದೆ. ಅಷ್ಟಕ್ಕೆ ದಿನವಿಡೀ ಬಿಸಿಲಲ್ಲಿ ಬೇರೆಯವರ ರೆಕ್ಕೆ ಹಿಡಿದು ಓಡಬೇಕು. ಇದನ್ನೆಲ್ಲ ನಾನು ಬೇರೆ ಕಡೆ ಓದಿ ತಿಳಿದುಕೊಂಡೆ. ನಿಮ್ಮ ಲೇಖನದಲ್ಲಿ ಇದು ಇಲ್ಲವೇ ಇಲ್ಲ.

ಮೂರನೇ ಪುಟ: ‘ವಿಂಚ್ ನಡೆಸುತ್ತಿದ್ದ ಕಾಕಾ ನನ್ನನ್ನು ಮಗನಂತೆ ಕಂಡರು.’ ಅಷ್ಟೇ. ಮುಂದಿನ ಸಾಲಿಗೆ ಮುಖ್ಯ ಅತಿಥಿಗಳು ಬಂದೇಬಿಟ್ಟರು! ಅವರಿಗೆ ಎರಡು ಪ್ಯಾರಾ, ಶಾಲು, ಹಾರ, ಭಾಷಣ. ಸರ್, ಅಷ್ಟು ದೂರದಲ್ಲಿ ಕೂತ ಆ ಕಾಕಾಗೆ ನಿಮ್ಮ ಮುಖವೂ ಕಾಣುತ್ತಿರಲಿಲ್ಲ. ಆದರೆ ನಿಮ್ಮ ಜೀವ ಅವರ ಕೈಯಲ್ಲಿತ್ತು. ಕೇಬಲ್ ಜಾಸ್ತಿ ಜೋರಾಗಿ ಎಳೆದರೆ ಕಷ್ಟ, ನಿಧಾನವಾದರೂ ಕಷ್ಟ. ನೀವು ಮೊದಲ ಸಲ ಒಬ್ಬರೇ ಹಾರಿದ ದಿನ ಅವರು ಏನಂದರು? ಅವರ ಡಬ್ಬಿಯಲ್ಲಿ ಊಟಕ್ಕೆ ಏನಿರುತ್ತಿತ್ತು? ‘ಮಗನಂತೆ’ ಅಂದರೆ ಬೈಯುತ್ತಿದ್ದರಾ? ಮರಾಠಿಯಲ್ಲಿ ಬೈದಿದ್ದರೆ ಹಾಗೇ ಬರೆಯಿರಿ. ಬೈಗುಳ ಯಾರಿಗಾದರೂ ಅರ್ಥವಾಗುತ್ತದೆ.

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ನನಗೆ ಕೊಟ್ಟಿದ್ದು ನಿಧನವಾರ್ತೆ. ಡೆಸ್ಕಿನಲ್ಲಿದ್ದ ಹಿರಿಯರೊಬ್ಬರು ‘ಸರಳ, ಸಜ್ಜನ, ಸ್ನೇಹಜೀವಿ, ಈ ಮೂರೂ ನನ್ನ ಪೇಜಿನಲ್ಲಿ ಬರಕೂಡದು’ ಅಂದಿದ್ದರು. ಮತ್ತೇನು ಬರೆಯೋದು? ‘ಅವರ ಮನೆಗೆ ಫೋನ್ ಮಾಡಿ ಕೇಳು.’ ಸಾವಾದ ಮನೆಗೆ ಫೋನ್ ಮಾಡುವಾಗ ಕೈ ನಡುಗುತ್ತಿತ್ತು. ಆದರೆ ಜನ ಹೇಳುತ್ತಿದ್ದರು, ಕೇಳಿದ್ದಕ್ಕಿಂತ ಜಾಸ್ತಿಯೇ. ಹಳ್ಳಿ ಶಾಲೆಯ ಮೇಷ್ಟ್ರೊಬ್ಬರ ಮಗಳು, ಅಪ್ಪ ದಿನಾ ರಾತ್ರಿ ಟಾರ್ಚ್ ಹಿಡಿದು ಕೊನೇ ಬಸ್ಸಿಗೆ ಕಾಯುತ್ತಿದ್ದರು, ಕಾಲೇಜು ಹುಡುಗಿಯರನ್ನು ಮನೆ ಮುಟ್ಟಿಸಿ ಬರುತ್ತಿದ್ದರು ಅಂದರು. ಹಿರಿಯರು ಅದನ್ನು ಓದಿದರು, ಏನೂ ಅನ್ನಲಿಲ್ಲ. ಸುದ್ದಿಗೆ ಎರಡು ಕಾಲಂ ಕೊಟ್ಟರು. ಆ ಕಾಲದಲ್ಲಿ ಹಳ್ಳಿ ಮೇಷ್ಟ್ರಿಗೆ ಎರಡು ಕಾಲಂ ಅಂದರೆ ಸುಮ್ನೆ ಅಲ್ಲ.

ಇನ್ನೊಂದು ತಕರಾರು. ‘ಹಕ್ಕಿಯಂತೆ ಸ್ವಚ್ಛಂದವಾಗಿ ಹಾರಿದೆ’ ಅನ್ನುವುದು ಐದು ಸಲ ಬಂದಿದೆ. ಸ್ವಚ್ಛಂದ ಎಲ್ಲಿಂದ ಬಂತು? ಗ್ಲೈಡರ್ ಸದಾ ಇಳಿಯುತ್ತಲೇ ಇರುತ್ತದೆ. ಅದು ಇಳಿಯುವುದಕ್ಕಿಂತ ಬೇಗ ಸುತ್ತಲಿನ ಗಾಳಿ ಮೇಲೇರುತ್ತಿದ್ದರೆ ಮಾತ್ರ ಎತ್ತರ ಸಿಗುತ್ತದೆ. ನೀವೇ ಒಂದು ಕಡೆ ಬ್ರಾಕೆಟ್ಟಿನಲ್ಲಿ ಬರೆದಿದ್ದೀರಿ: ‘ಹದ್ದುಗಳು ಸುತ್ತುತ್ತಿದ್ದ ಕಡೆ ತಿರುಗಿಸಿದೆ, ವೇರಿಯೋಮೀಟರ್ ಮುಳ್ಳು ಮೇಲೆದ್ದಿತು.’ ಏರುತ್ತಿದ್ದೀರೋ ಇಳಿಯುತ್ತಿದ್ದೀರೋ ಎಂದು ತೋರಿಸುವ ಮುಳ್ಳು ಅದು. ಅಯ್ಯೋ, ಈ ಸಾಲನ್ನು ಯಾಕೆ ಸರ್ ಬ್ರಾಕೆಟ್ಟಿಗೆ ಹಾಕಿದಿರಿ? ನಿಜವಾದ ಹದ್ದು ದಾರಿ ತೋರಿಸುತ್ತಿರುವಾಗ ‘ಹಕ್ಕಿಯಂತೆ’ ಬೇಕಾ? ‘ರೋಹಿಣಿಯಲ್ಲಿ ಕಲಿತೆ’ ಅಂತಲೂ ಒಂದೇ ಸಾಲು. 1961ರಲ್ಲಿ ಮೊದಲು ಹಾರಿದ, ನಮ್ಮ ದೇಶದಲ್ಲೇ ರೂಪಿಸಿದ ಗ್ಲೈಡರ್ ಅದು. ಗುರು, ಶಿಷ್ಯ ಪಕ್ಕಪಕ್ಕ ಕೂರುವ ಸೀಟು. ಎಂಜಿನ್ ಸದ್ದಿಲ್ಲದ ಕಡೆ, ಅಷ್ಟು ಹತ್ತಿರದಿಂದ ಗುರುಗಳು ಗದರಿದರೆ ಹೇಗಿರುತ್ತಿತ್ತು? ಮತ್ತೆ ‘ಸಿಲ್ವರ್ ಸಿ ಪಡೆದು ಧನ್ಯನಾದೆ’. ಗ್ಲೈಡಿಂಗ್‌ನ ಆ ಬ್ಯಾಡ್ಜಿಗೆ 1000 ಮೀಟರ್ ಏರಬೇಕು, 50 ಕಿ.ಮೀ. ಹೋಗಬೇಕು, 5 ಗಂಟೆ ಮೇಲೇ ಇರಬೇಕು, ಅಲ್ವಾ? ಐದು ಗಂಟೆ ಕೂತಲ್ಲೇ ಕೂತಾಗ ನೀರು ಕುಡಿದಿರಾ? ಕುಡಿದರೆ ಆಮೇಲೆ ಏನು ಮಾಡಿದಿರಿ? ಓದುಗರು ಮೊದಲು ಕೇಳುವುದೇ ಅದನ್ನು.

ಉಳಿದ ಪುಟಗಳ ಗೊಡವೆಗೆ ನಾನು ಹೋಗುವುದಿಲ್ಲ. ಕಾಕಾ ಒಬ್ಬರ ಬಗ್ಗೆಯೇ 800 ಪದ ಬರೆದು ಕಳಿಸಿ. ಅವರು ಈಗಲೂ ಇದ್ದರೆ, ಬರೆಯುವ ಮುಂಚೆ ಒಮ್ಮೆ ಹೋಗಿ ಮಾತಾಡಿಸಿಕೊಂಡು ಬನ್ನಿ. ಶಾಲು ಹೊದಿಸಿದ ಫೋಟೊ ಬೇಡ. ವಿಂಚಿನ ಫೋಟೊ ಇದ್ದರೆ, ಮಸುಕಾಗಿದ್ದರೂ ಪರವಾಗಿಲ್ಲ, ಕಳಿಸಿ.