ಗಿಟಾರ್ ಪಾಠದ ಚಾನೆಲ್ ಶುರು ಮಾಡೋಕೆ ಯಾವ ಕ್ಯಾಮೆರಾ ತಗೊಳ್ಳಲಿ?

ಆರು ವರ್ಷದಿಂದ ಗಿಟಾರ್ ನುಡಿಸ್ತಿದ್ದೀನಿ, ಆನ್‌ಲೈನ್ ಪಾಠ ಶುರು ಮಾಡ್ಬೇಕು, ಇರೋದು ಫೋನ್ ಒಂದೇ, ಮುಖ ತೋರಿಸೋಕೆ ಸಂಕೋಚ, ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳಿದ್ದೀರಿ. ಕ್ಯಾಮೆರಾ ಸದ್ಯಕ್ಕೆ ಬೇಡ, ಫೋನೇ ಸಾಕು. ಮುಖವೂ ಬೇಕಾಗಿಲ್ಲ. 2005ರ ಕೊನೆಯಲ್ಲಿ ಯೂಟ್ಯೂಬ್‌ಗೆ ಬಂದು ಜಗತ್ತೆಲ್ಲ ಸುತ್ತಿದ ಗಿಟಾರ್ ವಿಡಿಯೊ ಒಂದಿದೆ. ಅದರಲ್ಲಿ ನುಡಿಸಿದ ಕೊರಿಯಾದ ಲಿಮ್ ಜಂಗ್-ಹ್ಯುನ್ ಅವರ ಮುಖ ಟೋಪಿ ಕೆಳಗೆ ಕಾಣಿಸೋದೇ ಇಲ್ಲ. ಜನ ಬೆರಳು ನೋಡಿದ್ರು.

ನಾನು ಇಂಥ ವಿಡಿಯೊ ಮಾಡೋಕೆ ಶುರು ಮಾಡಿ ಕೆಲವು ವರ್ಷ ಆಯ್ತು. ತುಂಬಾ ತಡವಾಗಿ ತಲೆಗೆ ಹೋದ ವಿಷಯ ಅಂದ್ರೆ, ನೋಡೋರ ಕೈಯಲ್ಲೂ ಗಿಟಾರ್ ಇರುತ್ತೆ. ಒಂದ್ಸಲ ಗೆಳೆಯನೊಬ್ಬ ನನ್ನ ವಿಡಿಯೊ ಹಾಕ್ಕೊಂಡು ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸೋ ಸ್ವರಗುಚ್ಛ) ಕಲೀತಿದ್ದ, ನಾನು ಪಕ್ಕದಲ್ಲೇ ಕೂತಿದ್ದೆ. ತೊಡೆ ಮೇಲೆ ಗಿಟಾರ್, ಎದುರಿಗೆ ಫೋನ್. ಹೇಗೋ ನಾಲ್ಕೂ ಬೆರಳು ಜೋಡಿಸ್ಕೊಂಡ, ಅಷ್ಟರಲ್ಲಿ ವಿಡಿಯೊದಲ್ಲಿದ್ದ ನಾನು ಮುಂದಿನ ಕಾರ್ಡಿಗೆ ಹೋಗಿಬಿಟ್ಟಿದ್ದೆ. ಹಿಂದಕ್ಕೆ ಎಳೆಯೋಕೆ ಕೈ ತೆಗೆದ, ಜೋಡಿಸಿದ್ದೆಲ್ಲ ಹೋಯ್ತು. ಮತ್ತೆ ಅದೇ ಕಥೆ. ಮೂರನೇ ಸಲ ಬಗ್ಗಿ ಮೂಗಿನಿಂದ ಸ್ಕ್ರೀನ್ ಒತ್ತಿದ! ನಕ್ಕೆ, ಆದ್ರೆ ಒಳಗೊಳಗೇ ನಾಚಿಕೆ ಆಯ್ತು. ಈಗ ಕಾರ್ಡ್ ತೋರಿಸಿದ ಮೇಲೆ ಎಂಟು ಎಣಿಸೋವರೆಗೂ ಬಾಯಿ ಮುಚ್ಕೊಂಡು ಕೈ ಹಾಗೇ ಇಟ್ಟಿರ್ತೀನಿ. ಎಡಿಟ್ ಮಾಡುವಾಗ ಆ ಮೌನವನ್ನ ಕತ್ತರಿಸಬೇಕು ಅಂತ ಕೈ ಕಡಿಯುತ್ತೆ. ಕತ್ತರಿಸಬೇಡಿ.

ಶುರುವಿನಲ್ಲಿ ಲೋಗೊ, ಮ್ಯೂಸಿಕ್ಕು, "ಸಬ್‌ಸ್ಕ್ರೈಬ್ ಮಾಡಿ" ಇದ್ಯಾವುದೂ ಬೇಡ. ಮೊದಲ ಹತ್ತು ಸೆಕೆಂಡಲ್ಲಿ ಇವತ್ತು ಏನು ಬರುತ್ತೆ ಅಂತ ನುಡಿಸಿ ತೋರಿಸಿ, ಟ್ಯೂನಿಂಗ್ ಯಾವುದು, ಕಾಪೊ (ತಂತಿಗಳನ್ನ ಅಡ್ಡಕ್ಕೆ ಒತ್ತಿ ಹಿಡಿಯೋ ಕ್ಲಿಪ್) ಎಷ್ಟನೇ ಫ್ರೆಟ್ಟಲ್ಲಿದೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ಹೇಳಿಬಿಡಿ. ಇದನ್ನ ಪೆಟ್ಟು ತಿಂದೇ ಕಲಿತೆ. ನನ್ನ ಮೊದಲ ವಿಡಿಯೊದಲ್ಲಿ ಗಿಟಾರ್ ಹಾಫ್ ಸ್ಟೆಪ್ (ಅರ್ಧ ಸ್ವರ) ಕೆಳಗೆ ಟ್ಯೂನ್ ಆಗಿತ್ತು, ಹೇಳೋಕೆ ಮರೆತಿದ್ದೆ. ಯಾರೋ ಪಾಪ ಎರಡು ದಿನ ಒದ್ದಾಡಿ, "ನನ್ನ ಗಿಟಾರೇ ಸರಿ ಇಲ್ಲ ಅನ್ಸುತ್ತೆ ಸರ್" ಅಂತ ಬರೆದಿದ್ರು. ಸರಿ ಇಲ್ಲದೇ ಇದ್ದದ್ದು ನಾನು.

ಕ್ಯಾಮೆರಾ ಎಲ್ಲಿಡೋದು ಅನ್ನೋದು ಯಾವ ಕ್ಯಾಮೆರಾ ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ. ನೇರ ಎದುರಿಗಿಟ್ರೆ ತಂತಿ ಒತ್ತೋ ಬೆರಳುಗಳು ಕಾಣುತ್ತೆ, ನೆಕ್ (ಗಿಟಾರಿನ ಕತ್ತು) ಹಿಂದಿನ ಹೆಬ್ಬೆರಳು ಕಾಣಲ್ಲ. ಎಫ್ ಕಾರ್ಡ್ ಬರದೇ ಇರೋಕೆ ಅರ್ಧ ಕಾರಣ ಆ ಹೆಬ್ಬೆರಳೇ. ತೋರುಬೆರಳನ್ನ ಅಂಗಾತ ಮಲಗಿಸದೆ ಸ್ವಲ್ಪ ಪಕ್ಕಕ್ಕೆ ಹೊರಳಿಸಿ ಫ್ರೆಟ್ಟಿಗೆ ಒತ್ತಿ ಇಡೋದೂ ಎದುರಿಂದ ಗೊತ್ತಾಗಲ್ಲ. ಅಂಥ ಕಡೆ ಹೆಡ್‌ಸ್ಟಾಕ್ (ತಂತಿ ಬಿಗಿಯೋ ತುದಿ) ಕಡೆಯಿಂದ ಒಂದು ಸಲ, ಎಡ ಭುಜದ ಮೇಲಿಂದ ಒಂದು ಸಲ ಶೂಟ್ ಮಾಡಿ. ಸೆಲ್ಫಿ ಕ್ಯಾಮೆರಾ ಮಾತ್ರ ಬೇಡ. ಕೆಲವು ಫೋನುಗಳು ಅದನ್ನ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಯೇ ಸೇವ್ ಮಾಡುತ್ವೆ, ನೀವು ಎಡಚರಾಗಿ ಕಾಣಿಸ್ತೀರಿ.

ದುಡ್ಡು ಹಾಕಲೇಬೇಕು ಅಂದ್ರೆ ಸೌಂಡಿಗೆ ಹಾಕಿ. ಚಿತ್ರ ಸ್ವಲ್ಪ ಮಂಕಾಗಿದ್ರೂ ಜನ ಸಹಿಸ್ತಾರೆ, ಕರ್ಕಶ ಸದ್ದನ್ನ ಯಾರೂ ಸಹಿಸಲ್ಲ. ಫೋನಿನ ಮೈಕ್ ಮಾತಿಗೆ ಹೊಂದಿಸಿದ್ದು. ಜೋರಾಗಿ ಸ್ಟ್ರಮ್ ಮಾಡಿದ್ರೆ ತಾನೇ ಸದ್ದು ತಗ್ಗಿಸುತ್ತೆ, ನಿಲ್ಲಿಸಿದ ಕೂಡಲೇ ಫ್ಯಾನಿನ ಗುಯ್ ಅನ್ನೋ ಸದ್ದನ್ನ ಎತ್ತಿ ತೋರಿಸುತ್ತೆ. ನಾಯ್ಸ್ ಕಡಿಮೆ ಮಾಡೋ ಆಯ್ಕೆ ಆನ್ ಆಗಿದ್ರೆ, ಉದ್ದಕ್ಕೆ ಅನುರಣಿಸೋ ಸ್ವರವನ್ನೇ ಗದ್ದಲ ಅಂದ್ಕೊಂಡು ನುಂಗಿಬಿಡಬಹುದು. ಸಾಧಾರಣ ಕಂಡೆನ್ಸರ್ ಮೈಕ್ ಒಂದು ಸಿಕ್ಕರೆ 12ನೇ ಫ್ರೆಟ್ ಎದುರಿಗೆ 20ರಿಂದ 30 ಸೆಂಟಿಮೀಟರ್ ದೂರದಲ್ಲಿಡಿ. ಸೌಂಡ್‌ಹೋಲ್‌ಗೆ (ಗಿಟಾರಿನ ಮೈಮೇಲಿನ ತೂತು) ನೇರ ಹಿಡಿದ್ರೆ ಬರೀ ಗುಮ್ ಗುಮ್. ಸೌಂಡನ್ನ ವಿಡಿಯೊದಿಂದ ಬೇರೆಯಾಗಿ ರೆಕಾರ್ಡ್ ಮಾಡೋದಾದ್ರೆ 48 ಕಿಲೋಹರ್ಟ್ಜ್‌ನಲ್ಲಿ ಮಾಡಿ, ಶುರುವಿಗೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೀರಿ, ಎಡಿಟಲ್ಲಿ ಎರಡನ್ನೂ ಅಲ್ಲಿ ಕೂಡಿಸಬಹುದು. ವಿಡಿಯೊದಲ್ಲಿ ತಂತಿಗಳು ಹಾವಿನ ಹಾಗೆ ಅಲೆಯಲೆಯಾಗಿ ಕಂಡ್ರೆ ಗಾಬರಿ ಬೇಡ. ಫೋನಿನ ಸೆನ್ಸರ್ ಚಿತ್ರವನ್ನ ಸಾಲು ಸಾಲಾಗಿ ಓದೋದರಿಂದ ಹಾಗೆ.

ಜನಪ್ರಿಯ ಹಾಡುಗಳಿಂದ ಶುರು ಮಾಡೋ ಆಸೆ ಎಲ್ಲರಿಗೂ ಇರುತ್ತೆ. ನೀವೇ ನುಡಿಸಿದ್ರೂ ರಾಗಸಂಯೋಜನೆಯ ಹಕ್ಕು ಬೇರೆಯವರದ್ದೇ. ಕಂಟೆಂಟ್ ಐಡಿ (ಬೇರೆಯವರ ಹಕ್ಕಿರೋದನ್ನ ತಾನೇ ಗುರುತಿಸೋ ಯೂಟ್ಯೂಬ್ ವ್ಯವಸ್ಥೆ) ಕ್ಲೇಮ್ ಬಂದ್ರೆ ಸಾಮಾನ್ಯವಾಗಿ ಆ ವಿಡಿಯೊದ ಆದಾಯ ಹಕ್ಕುದಾರರಿಗೆ ಹೋಗುತ್ತೆ, ಅದೇನೂ ಸ್ಟ್ರೈಕ್ (ಚಾನೆಲ್ ಮೇಲೆ ಬೀಳೋ ಎಚ್ಚರಿಕೆ) ಅಲ್ಲ. ಕಾಪಿರೈಟ್ ಸ್ಟ್ರೈಕ್ ಬೇರೆ: 90 ದಿನದೊಳಗೆ ಮೂರು ಬಿದ್ರೆ ಚಾನೆಲ್ಲೇ ಹೋಗಬಹುದು. ಮೊದಲ ಹತ್ತು ವಿಡಿಯೊಗೆ ನಿಮ್ಮದೇ ಕಾರ್ಡ್ ಸರಣಿ, ನಿಮ್ಮದೇ ಅಭ್ಯಾಸ ಇಟ್ಕೊಳ್ಳಿ.

ದುಡ್ಡಿನ ವಿಷಯ ನೀವು ಕೇಳಿಲ್ಲ, ಮನಸ್ಸಲ್ಲಿ ಇದ್ದೇ ಇರುತ್ತೆ. ಜಾಹೀರಾತಿನ ಪಾಲು ಸಿಗೋಕೆ ಯೂಟ್ಯೂಬಲ್ಲಿ 1,000 ಸಬ್‌ಸ್ಕ್ರೈಬರ್, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು, ಇಲ್ಲಾಂದ್ರೆ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್. 4,000 ಗಂಟೆ ಅಂದ್ರೆ 2,40,000 ನಿಮಿಷ. ಒಬ್ಬೊಬ್ಬರು ನಾಲ್ಕು ನಿಮಿಷ ನೋಡಿದ್ರೂ 60,000 ವ್ಯೂಸ್ ಆಯ್ತು. ಕೆಲಸ ಬಿಡಬೇಡಿ.

ಮೊದಲನೇ ವಿಡಿಯೊಗೆ "ಗಿಟಾರ್ ಕಲಿಯಿರಿ, ಭಾಗ 1" ಅಂತೆಲ್ಲ ಹೋಗಬೇಡಿ. ಸಿ ಕಾರ್ಡಿಂದ ಜಿ ಕಾರ್ಡಿಗೆ ಹೋಗುವಾಗ ಕೈ ತಡವರಿಸೋದು ಯಾಕೆ, ಅಷ್ಟೇ ತಗೊಳ್ಳಿ. ಮೆಟ್ರೊನೋಮ್ (ತಾಳ ಹಾಕೋ ಸಾಧನ) ನಿಮಿಷಕ್ಕೆ 50 ಬಡಿತಕ್ಕೆ ಇಟ್ಟು ಮಾಡಿ. ನಿಮಗೆ ಬೋರ್ ಹೊಡೆಯುತ್ತೆ, ಕಲಿಯೋರಿಗೆ ಅದೂ ಜೋರೇ. ಆದಾಗ ಇಲ್ಲೇ ತಿಳಿಸಿ, ಗಿಟಾರ್ ಹಿಡ್ಕೊಂಡೇ ನೋಡ್ತೀನಿ.